ಹೊರಗಿನ ಅಡುಗೆಗೆ ವಾಕಿ-ಟಾಕಿ: ಕೊಳ್ಳುವ ಮುನ್ನ ತಿಳಿಯಿರಿ



2016ರ ಡಿಸೆಂಬರ್ 12ರ ವರ್ಧಾ ಚಂಡಮಾರುತವನ್ನು ಚೆನ್ನೈಯ ನಾವು ಯಾರೂ ಮರೆತಿಲ್ಲ. ಅಂದು ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಊಟದ ಆರ್ಡರ್ ಇತ್ತು. ಬಡಿಸುವುದು ಮಹಡಿಯಲ್ಲಿ, ಒಲೆಗಳು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ. ಗಾಳಿ ಜೋರಾದಾಗ, ಗ್ಯಾಸ್ ಬಂದ್ ಮಾಡಿ ಒಳಗೆ ಬನ್ನಿ ಎಂದು ಭಟ್ಟರಿಗೆ ಹೇಳೋಣವೆಂದರೆ ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಹುಡುಗನೊಬ್ಬನನ್ನು ಓಡಿಸಿದೆ. ಅವನು ದಾಟಿದ ಜಾಗಕ್ಕೇ ಮರುಗಳಿಗೆ ತಗಡು ಬಂದು ಬಿತ್ತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ.

ವಾಕಿ-ಟಾಕಿಗೆ ಟವರ್ ಬೇಡ. ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ನೇರವಾಗಿ ಮಾತನಾಡಬಹುದು. ಆಮೇಲೆ ಅಂಗಡಿಯೊಂದರಿಂದ 5 ವ್ಯಾಟಿನ ಎರಡು ಸೆಟ್ ತಂದೆ. ಅದಕ್ಕೆ ಲೈಸೆನ್ಸ್ ಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೊತ್ತಾದ ಮೇಲೆ ವಾಪಸು ಕೊಟ್ಟೆ; ಅರ್ಧ ಹಣವೂ ಬರಲಿಲ್ಲ. ನಿಮಗೆ ಹಾಗಾಗದಿರಲಿ.

1. ಲೈಸೆನ್ಸ್: 2018ರ ನಿಯಮದ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಅರ್ಧ ವ್ಯಾಟ್ ಮೀರದ ಸೆಟ್ಟುಗಳಿಗೆ ಲೈಸೆನ್ಸ್ ಬೇಡ. ಆದರೆ ಕೇಂದ್ರ ದೂರಸಂಪರ್ಕ ಇಲಾಖೆಯ ‘ಇಟಿಎ’ ಒಪ್ಪಿಗೆ ಇರಬೇಕು. 5 ವ್ಯಾಟಿನ ಸೆಟ್ಟುಗಳನ್ನು ಲೈಸೆನ್ಸ್ ಇಲ್ಲದೆ ಬಳಸಿದರೆ ಪೊಲೀಸರ ಸಂಪರ್ಕಕ್ಕೂ ಅಡ್ಡಿಯಾದೀತು. ಆನ್‌ಲೈನ್ ಮಾರಾಟಗಾರರು ಫ್ರೀಕ್ವೆನ್ಸಿ, ಲೈಸೆನ್ಸ್ ವಿವರ ತಿಳಿಸಲೇಬೇಕೆಂದು 2025ರಲ್ಲಿ ಮಾರ್ಗಸೂಚಿ ಬಂದಿದೆ. ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

2. ದೂರ: ಡಬ್ಬದ ಮೇಲೆ ಬರೆದ ಕಿಲೋಮೀಟರ್ ಲೆಕ್ಕ ಬಯಲಿಗೆ ಮಾತ್ರ. ಕಾಂಕ್ರೀಟ್ ಗೋಡೆ ಅಡ್ಡ ಬಂದರೆ ಬಹಳ ಕಡಿಮೆಯಾಗುತ್ತದೆ. ಅಡುಗೆಮನೆಯಿಂದ ಮಹಡಿಗೆ ಮಾತನಾಡಿ ನೋಡಿಯೇ ಕೊಳ್ಳಿ.

3. ನೀರು: ಐಪಿ54 ಎಂದಿದ್ದರೆ ನೀರಿನ ಎರಚಲು ತಡೆಯುತ್ತದೆ. ಐಪಿ67 ಆದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಬಿದ್ದಿದ್ದರೂ ಕೆಡದು. ನಮ್ಮ ಮಳೆಗಾಲಕ್ಕೆ ಎರಡನೆಯದೇ ಒಳ್ಳೆಯದು.

4. ಬ್ಯಾಟರಿ: ಬಿರುಗಾಳಿ ಬಂದರೆ ಕರೆಂಟೂ ಹೋಗುತ್ತದೆ. ಪವರ್ ಬ್ಯಾಂಕಿನಿಂದ ಚಾರ್ಜ್ ಆಗುವ ಸೆಟ್ಟನ್ನೇ ಆರಿಸಿ.

5. ರೂಢಿ: ಗುಂಡಿ ಒತ್ತಿ, ಒಂದು ಸೆಕೆಂಡ್ ತಡೆದು ಮಾತನಾಡಿ, ಬಿಡಬೇಕು. ಒಂದು ಸಲಕ್ಕೆ ಒಬ್ಬರೇ. ‘ಗ್ಯಾಸ್ ಬಂದ್’ ಎಂದರೆ ಮರುಪ್ರಶ್ನೆಯಿಲ್ಲದೆ ಬಂದ್ ಮಾಡಬೇಕೆಂದು ಮೊದಲೇ ಗೊತ್ತುಪಡಿಸಿ.

ಈ ಸೆಟ್ಟಿನಿಂದ ಅಗ್ನಿಶಾಮಕ ದಳವನ್ನು ಕರೆಯಲಾಗದು. ಅದಕ್ಕೆ ಫೋನಿನಲ್ಲಿ 101 ಅಥವಾ 112. ಇದು ನಮ್ಮ ನಮ್ಮ ಜನರ ನಡುವೆ ಮಾತ್ರ. ಆದ್ದರಿಂದ ‘ಎರಡನೇ ಪಂಕ್ತಿ ಕೂತಿದೆ, ಅನ್ನ ಕಳಿಸಿ’ ಎನ್ನಲು ಪ್ರತಿ ಆರ್ಡರಿನಲ್ಲೂ ಇದನ್ನೇ ಬಳಸಿ. ದಿನವೂ ಬಳಸಿದರೆ ಮಾತ್ರ ಆಪತ್ತಿನ ದಿನ ಹುಡುಗರ ಕೈಗೆ ಅದು ತಾನಾಗಿ ಬರುತ್ತದೆ.