ಟಕ್ ಟಕ್ ಟೈಪ್ ಮಿಷನ್



ಒಂದು ಸಂಜೆ ನಾವು ಕ್ಯಾಸಂಬಳ್ಳಿಯ ಕಲಿಕಾ ಕೇಂದ್ರಕ್ಕೆ ಒಂದು ಚಿಕ್ಕ ಪೆಟ್ಟಿಗೆ ತಂದೆವು.

“ಇದೇನು ಮೇಡಂ, ಹಾರ್ಮೋನಿಯಂ ಪೆಟ್ಟಿಗೆನಾ?” ಎಂದು ಒಬ್ಬ ಅಕ್ಕ ಕೇಳಿದರು.

ಮುಚ್ಚಳ ತೆಗೆದೆವು. ಒಳಗೆ ಟೈಪ್ ಮಿಷನ್ ಇತ್ತು. ಬೆರಳಿನಿಂದ ಒತ್ತಿದರೆ ಅಚ್ಚು ಬೀಳುತ್ತೆ. ಅದಕ್ಕೇ ಇದಕ್ಕೆ ಬೆರಳಚ್ಚು ಯಂತ್ರ ಎನ್ನುತ್ತಾರೆ. ಇದು ಕೈಯಲ್ಲಿ ಹಿಡಿದು ಒಯ್ಯುವಂಥ ಸಣ್ಣ ಮಿಷನ್. ಹಳೆಯದು, ಆದರೆ ಕೆಟ್ಟಿಲ್ಲ. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್‌ನಂತೆ ಇದಕ್ಕೂ ಕರೆಂಟ್ ಬೇಡ.

ಇದು ಹೇಗೆ ಕೆಲಸ ಮಾಡುತ್ತೆ?

ರೋಲರಿಗೆ ಕಾಗದ ಸುತ್ತಬೇಕು. ಕೀಲಿ ಒತ್ತಿದರೆ ಒಂದು ಕಡ್ಡಿ ಮೇಲೇಳುತ್ತೆ. ಕಡ್ಡಿಯ ತುದಿಯಲ್ಲಿ ಅಕ್ಷರದ ಅಚ್ಚು ಇದೆ. ಅದು ಶಾಯಿಯ ರಿಬ್ಬನ್ನಿಗೆ ಬಡಿಯುತ್ತೆ. ಕಾಗದದ ಮೇಲೆ ಅಕ್ಷರ ಮೂಡುತ್ತೆ. ಸಾಲು ಮುಗಿಯುವ ಮುಂಚೆ ಗಂಟೆ ‘ಟಿಣ್’ ಎನ್ನುತ್ತೆ. ಎರಡು ಹಾಳೆಗಳ ನಡುವೆ ಕಾರ್ಬನ್ ಪೇಪರ್ ಇಟ್ಟರೆ ನಕಲೂ ಸಿಗುತ್ತೆ.

ಒತ್ತಿದ ಕೀಲಿ ತಾನೇ ಮೇಲೆ ಬರಬೇಕು. ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲಬೇಕು. ಗಂಟೆ ಹೊಡೆಯಬೇಕು. ಆಗ ಮಿಷನ್ ಚೆನ್ನಾಗಿದೆ ಎಂದು ಅರ್ಥ.

ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಬಹಳ. ಮಿಷನ್ನಿನಲ್ಲಿ ಕೀಲಿಗಳು ಕಡಿಮೆ. ಅದಕ್ಕೇ ಅಕ್ಷರವನ್ನು ಬಿಡಿಸಿ, ಮತ್ತೆ ಜೋಡಿಸಬೇಕು. ಕನ್ನಡ ಬೆರಳಚ್ಚು ಯಂತ್ರವನ್ನು ಹೀಗೆ ರೂಪಿಸಿದವರು ಕೆ. ಅನಂತಸುಬ್ಬರಾವ್.

ನಾವು ಮೊದಲು ‘ಕ್ಯಾಸಂಬಳ್ಳಿ’ ಎಂದು ಒತ್ತಿದೆವು. ನಾಲ್ಕೇ ಅಕ್ಷರ. ಆದರೆ ಒತ್ತು, ದೀರ್ಘ, ಸೊನ್ನೆ ಎಲ್ಲ ಸೇರಿಸಬೇಕು. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಹೆಸರಿನ ‘ಕೆ’ ಎಂದರೆ ಇದೇ ಊರು. ಊರಿನ ಹೆಸರು ಅಚ್ಚಾದಾಗ ಎಲ್ಲರಿಗೂ ಖುಷಿ.

ಆದರೆ ಒಬ್ಬ ಅಕ್ಕ ಸುಮ್ಮನೆ ಕೂತಿದ್ದರು. ಏನಕ್ಕಾ ಎಂದು ಕೇಳಿದೆವು.

“ಯಜಮಾನರು ತೀರಿಹೋದ ಮೇಲೆ ಖಾತೆಗೆ ಅರ್ಜಿ ಟೈಪ್ ಮಾಡಿಸಿದೆ. ಸರ್ವೆ ನಂಬರ್ 42 ಅಂದೆ. 24 ಅಂತ ಬಿದ್ದಿತ್ತು. ಆಗ ನನಗೆ ಓದಕ್ಕೆ ಬರ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿಬಿಟ್ಟೆ. ನಕಲೂ ಇಟ್ಕೊಳ್ಳಲಿಲ್ಲ. ಎರಡು ವರ್ಷ ಅಲೆದೆ.”

ಯಾರೂ ಮಾತಾಡಲಿಲ್ಲ.

ಮಿಷನ್ನಿಗೆ ಸರಿ ತಪ್ಪು ಗೊತ್ತಿಲ್ಲ. ಬೆರಳು ಒತ್ತಿದ್ದನ್ನೇ ಅದು ಬರೆಯುತ್ತೆ. ಈಗ ಹೆಚ್ಚಿನ ಕಡೆ ಕಂಪ್ಯೂಟರ್ ಬಂದಿದೆ. ಅದೂ ಅಷ್ಟೇ. ಸರಿ ನೋಡಬೇಕಾದವರು ನಾವು.

ಆದ್ದರಿಂದ ಇವನ್ನು ನೆನಪಿಡೋಣ:

1. ಸಹಿ ಮಾಡುವ ಮುಂಚೆ ಪೂರ್ತಿ ಓದೋಣ. ಹೆಸರು, ನಂಬರು, ತಾರೀಖು ಎರಡು ಸಲ ನೋಡೋಣ.
2. ತಪ್ಪಿದ್ದರೆ ಸರಿ ಮಾಡಿಸೋಣ. ನಾಚಿಕೆ ಬೇಡ.
3. ಖಾಲಿ ಕಾಗದಕ್ಕೆ ಸಹಿ ಹಾಕುವುದು ಬೇಡ.
4. ಒಂದು ನಕಲು ಮನೆಯಲ್ಲಿ ಇಡೋಣ.
5. ಅಹವಾಲನ್ನು ಕನ್ನಡದಲ್ಲೇ ಕೊಡೋಣ. ಸಂವಿಧಾನದ 350ನೇ ವಿಧಿ ನಮಗೆ ಈ ಹಕ್ಕು ಕೊಟ್ಟಿದೆ.

ಕೊನೆಗೆ ಆ ಅಕ್ಕ ಎದ್ದು ಬಂದರು. ಒಂದೇ ಬೆರಳಿನಲ್ಲಿ ಮೆಲ್ಲಗೆ ಒತ್ತಿದರು. ಟಕ್. ಟಕ್. ಕಾಗದ ಎಳೆದು, ದೀಪದ ಹತ್ತಿರ ಹಿಡಿದು, ಗಟ್ಟಿಯಾಗಿ ಓದಿದರು:

“ನಾಲ್ಕು, ಎರಡು. ನಲವತ್ತೆರಡು. ಸರಿಯಾಗಿದೆ.”

ಅಭ್ಯಾಸ

1. ‘ಕ್ಯಾಸಂಬಳ್ಳಿ’ಯಲ್ಲಿರುವ ಒತ್ತಕ್ಷರಗಳನ್ನು ಬರೆಯಿರಿ.
2. ಆ ಅಕ್ಕ ಎರಡು ವರ್ಷ ಏಕೆ ಅಲೆದರು?
3. ಮನೆಯಲ್ಲಿರುವ ಒಂದು ಅರ್ಜಿ ಅಥವಾ ರಸೀದಿ ತನ್ನಿ. ಅದರಲ್ಲಿರುವ ಹೆಸರು, ನಂಬರು ಓದಿ ಹೇಳಿ.