ಛಾಯಾಚಿತ್ರದ ಮೇಲೆ ಮೇಣದ ಲೇಪ

ಮೇಣದ ಚಿತ್ರವನ್ನು ಬಹುಕಾಲ ಕಾಪಾಡಿಕೊಳ್ಳುವುದು ಹೇಗೆಂದು ಕೇಳುವವರಿಗೆ, ಆ ಕಾಪಿನ ಮುಕ್ಕಾಲು ಪಾಲು ಮೇಣದ ಮೊದಲ ಹನಿ ಬೀಳುವುದಕ್ಕೆ ಮುಂಚೆಯೇ ಮುಗಿದಿರಬೇಕೆಂದು ನಾನು ಹೇಳುತ್ತ ಬಂದಿದ್ದೇನೆ. ಕರಗಿಸಿದ ಜೇನುಮೇಣವನ್ನು ಬಿಸಿಯಾಗಿರುವಾಗಲೇ ಹಲಗೆಗೆ ಹಚ್ಚಿ, ಒಂದೊಂದು ಪದರವನ್ನೂ ಪುನಃ ಶಾಖದಿಂದ ಕೆಳಗಿನ ಪದರದೊಡನೆ ಬೆಸೆಯುವ ಎನ್‌ಕಾಸ್ಟಿಕ್ ವಿಧಾನವು ಅತಿ ಪ್ರಾಚೀನವಾದುದು. ಈಜಿಪ್ಟಿನ ಫಯೂಮ್ ಪ್ರಾಂತದಲ್ಲಿ ಕ್ರಿಸ್ತಶಕದ ಮೊದಲ ಮೂರು ಶತಮಾನಗಳಲ್ಲಿ ಮಮ್ಮಿಗಳ ಮುಖಭಾಗದಲ್ಲಿ ಇರಿಸುತ್ತಿದ್ದ ಭಾವಚಿತ್ರಗಳಲ್ಲಿ ಅನೇಕವು ಹೀಗೆಯೇ ರಚಿತವಾದವು. ತೆಳುವಾದ ಮರದ ಹಲಗೆಯೂ ಆ ನಾಡಿನ ಒಣಹವೆಯೂ ಕೂಡಿ ಕಾಪಾಡಿದುದರಿಂದ ಆ ಕಣ್ಣುಗಳ ತೇವ ಇಂದಿಗೂ ಆರಿಲ್ಲ.

ನಾನು ಮೇಣ ಹಚ್ಚುವುದು ಛಾಯಾಚಿತ್ರಕ್ಕೆ. ಛಾಯಾಚಿತ್ರದ ಮೇಲೆ ಬಣ್ಣ ಬಳಿಯುವ ವಾಡಿಕೆ ನಮ್ಮ ದೇಶಕ್ಕೂ ಹೊಸತಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅರಸುಮನೆತನದವರ ಫೋಟೋಗಳು ಚಿತ್ರಕಾರರ ಕುಂಚದಿಂದ ಜರಿ, ರತ್ನಗಳನ್ನು ಪಡೆದುಕೊಂಡವು. ಆದರೆ ಅಲ್ಲಿನ ದಟ್ಟ ಬಣ್ಣ ಫೋಟೋವನ್ನು ಬಹುಮಟ್ಟಿಗೆ ಮುಚ್ಚುತ್ತಿತ್ತು. ಮೇಣವಾದರೋ ಅದನ್ನು ಒಳಗಿಟ್ಟುಕೊಂಡೇ ತೋರಿಸುತ್ತದೆ.

ಆದುದರಿಂದ ಒಳಗಿರತಕ್ಕದ್ದನ್ನು ಆರಿಸುವುದರಲ್ಲಿ ಅವಸರ ಕೂಡದು. ಮನೆಯಲ್ಲಿ ಏಕೈಕ ಪ್ರತಿಯಾಗಿ ಉಳಿದಿರುವ ಹಳೆಯ ಫೋಟೋವನ್ನು ಈ ಕೆಲಸಕ್ಕೆ ಎಂದಿಗೂ ಒಪ್ಪಿಸಬಾರದು. ಕಾಗದದೊಳಕ್ಕೆ ಇಳಿದ ಮೇಣವನ್ನು ಪೂರ್ತಿಯಾಗಿ ಹಿಂತೆಗೆಯುವ ಉಪಾಯವಿಲ್ಲ. ಆ ಫೋಟೋವನ್ನು ಸ್ಕ್ಯಾನ್ ಮಾಡಿಸಿ, ಹೊಳಪಿಲ್ಲದ ಹತ್ತಿಯ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಿಂದ ಮುದ್ರಿಸಿಕೊಳ್ಳಬೇಕು. ಸ್ಟುಡಿಯೋಗಳಲ್ಲಿ ಕೊಡುವ ನುಣುಪು ಕಾಗದಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಇರುವುದರಿಂದ ಮೇಣ ಅದರಲ್ಲಿ ಇಂಗದೆ ಕಾಲಾಂತರದಲ್ಲಿ ಸಿಪ್ಪೆಯೇಳುತ್ತದೆ. ಬಾಗುವ ಕ್ಯಾನ್ವಾಸಿನ ಮೇಲೆ ಮೇಣ ಬಿರಿಯುವುದಾದ್ದರಿಂದ ಕಾಗದಕ್ಕೆ ಆಧಾರವಾಗಿ ದೃಢವಾದ ಪ್ಲೈವುಡ್ಡೇ ಲೇಸು. ಕಾಗದವನ್ನು ಅದಕ್ಕೆ ಅಂಟಿಸುವಾಗ ಒಳಗೆ ಗಾಳಿ ಉಳಿದರೆ, ಶಾಖ ತಗುಲಿದೊಡನೆ ಅದು ಹಿಗ್ಗಿ ಗುಳ್ಳೆಯಾಗಿ ಏಳುವುದು.

ಎಂಟು ಪಾಲು ಮೇಣಕ್ಕೆ ಒಂದು ಪಾಲಿನಷ್ಟು ಡಾಮರ್ ರಾಳವನ್ನು ಕರಗಿಸಿ ಸೇರಿಸುವುದರಿಂದ ಲೇಪಕ್ಕೆ ಗಟ್ಟಿತನ ಬರುತ್ತದೆ. ದಕ್ಷಿಣ ಕನ್ನಡದ ಕಾಡುಗಳ ಧೂಪದ ಮರವೂ ಈ ರಾಳದ ಮರಗಳ ಕುಲಕ್ಕೇ ಸೇರಿದುದೆಂಬುದು ನನಗೆ ಬಹಳ ಹಿತವೆನಿಸಿದ ಸಂಗತಿ. ಜೇನುಮೇಣ 62–64 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗುತ್ತದೆ. ಹಚ್ಚುವ ಹದ 80ರಿಂದ 90 ಡಿಗ್ರಿ. ಹೊಗೆಯೆದ್ದಿತೆಂದರೆ ಹದ ಮೀರಿದೆ, ಉಸಿರಿಗೂ ಅಪಾಯ. ಉಷ್ಣಮಾಪಕವೂ ತೆರೆದ ಕಿಟಕಿಯೂ ಇಲ್ಲದೆ ಈ ಕೆಲಸಕ್ಕೆ ಕೂರಬಾರದು.

ಅಜ್ಜಿ ಜಗುಲಿಯ ಕಂಬಕ್ಕೊರಗಿ ಕುಳಿತಿರುವ ಒಂದು ಚಿತ್ರದಿಂದ ನಾನು ಕಲಿತುದೇ ಹೆಚ್ಚು. ಮೊದಲ ಲೇಪವು ತಣಿದಾಗ ಆಕೆಯ ಮೇಲೆ ಮಸುಕಾದ ಬಿಳಿ ತೆರೆ ಕವಿದಿತ್ತು. ಹೀಟ್ ಗನ್ನನ್ನು ಒಂದೆಡೆ ನಿಲ್ಲಗೊಡದೆ ಮೆಲ್ಲಗೆ ಆಡಿಸುತ್ತ ಹೋದಂತೆ, ಮೇಣ ಒದ್ದೆಯಾದಂತೆ ಮಿನುಗಿ, ಮೊದಲು ಸೀರೆಯ ಕಪ್ಪಂಚು, ಅನಂತರ ಮೂಗುತಿ, ಕಟ್ಟಕಡೆಗೆ ಕೆನ್ನೆಯ ಸುಕ್ಕು ಒಂದೊಂದಾಗಿ ಮೇಲಕ್ಕೆ ಬಂದುವು. ಮುಖದ ಮೇಲೆ ಅಷ್ಟಕ್ಕೇ ನಿಲ್ಲಿಸಿದೆ. ಜಗುಲಿಯ ಗೋಡೆಗೆ ಮಾತ್ರ ಕಾವಿಯನ್ನೂ ಹಳದಿಯನ್ನೂ ಪದರಪದರವಾಗಿ ಹಚ್ಚಿ, ಸೂಜಿಯಿಂದ ಗೀರಿ, ಗೀರಿನೊಳಗೆ ಎಣ್ಣೆಬಣ್ಣ ತಿಕ್ಕಿ ಒರೆಸಿದೆ. ಮುಖಕ್ಕೆ ತೆಳುಲೇಪ, ಹಿನ್ನೆಲೆಗೆ ದಟ್ಟಲೇಪ ಎಂಬ ಈ ವಿವೇಕವನ್ನು ನಾನು ಇಂದಿಗೂ ಬಿಟ್ಟಿಲ್ಲ.

ಗೋಡೆಗೇರಿದ ಮೇಲೆ ಬೇಕಾದ ಉಪಚಾರ ಅಲ್ಪವೇ. ನೇರ ಬಿಸಿಲೂ, ನಿಂತ ಕಾರಿನೊಳಗಣ ಸೆಕೆಯೂ ತಾಗಬಾರದು. ಕರಗುವ ಮಟ್ಟಕ್ಕೆ ಬಹು ಮುಂಚೆಯೇ ಮೇಣ ಮೆತ್ತಗಾಗುವುದರಿಂದ, ಕಲಬುರಗಿಯ ಕಡೆಯ ಬೇಸಗೆಯಲ್ಲಿ ಪಶ್ಚಿಮದ ಗೋಡೆಗೆ ತೂಗುಹಾಕುವುದು ಸಲ್ಲದು. ಮೊದಲ ಕೆಲವು ತಿಂಗಳು ಮೇಲ್ಮೈಯಲ್ಲಿ ಬೂದಿ ಬಳಿದಂಥ ಮಬ್ಬು ಕಾಣಿಸಿಕೊಂಡರೆ ಬೂಷ್ಟು ಹಿಡಿಯಿತೆಂದು ಗಾಬರಿಯಾಗಬೇಕಾಗಿಲ್ಲ. ಒಗೆದು ಮೆತ್ತಗಾದ ಹಳೆಯ ಪಂಚೆಯ ತುಂಡಿನಿಂದ ಹಗುರವಾಗಿ ಉಜ್ಜಿದರೆ ಹೊಳಪು ಮರಳುತ್ತದೆ. ಸಾಗಿಸುವಾಗ ಗುಳ್ಳೆಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಿದರೆ ಅದರ ಗುಳ್ಳೆಗಳ ಅಚ್ಚು ಮೇಣದಲ್ಲಿ ಮೂಡುವುದರಿಂದ, ಮೊದಲು ಮೇಣಗಾಗದ ಹೊದಿಸಬೇಕು.

ಗೀರು ಬಿದ್ದರೂ ಚಿಂತೆಯಿಲ್ಲ. ಅದೇ ಮಿಶ್ರಣವನ್ನು ತುಂಬಿ ಶಾಖ ಕೊಟ್ಟರೆ ಮತ್ತೆ ಬೆಸೆಯುತ್ತದೆ. ಹಾಗೆ ಸರಿಪಡಿಸುವ ಕೈ ನನ್ನದೇ ಆಗಿರುವುದೆಂಬ ಭರವಸೆ ಇಲ್ಲವಷ್ಟೆ. ಅದಕ್ಕಾಗಿ ಪ್ರತಿಯೊಂದು ಹಲಗೆಯ ಹಿಂಬದಿಯಲ್ಲೂ ಮೇಣ, ರಾಳಗಳ ಪ್ರಮಾಣವನ್ನೂ, ಬಳಸಿದ ಬಣ್ಣಗಳನ್ನೂ, ಮೂಲ ಫೋಟೋ ಯಾರ ಮನೆಯಲ್ಲಿದೆಯೆಂಬುದನ್ನೂ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.