ಟಿಕೆಟ್ ಸೋವಿ, ತಾರೀಕು ತುಟ್ಟಿ

ದೆಹಲಿಯಲ್ಲಿ ಭಾವನ ಮನೆಯ ಗೃಹಪ್ರವೇಶ. ಎರಡು ತಿಂಗಳು ಮೊದಲೇ 4,300 ರೂಪಾಯಿಗೆ ಟಿಕೆಟ್ ಮಾಡಿಸಿ, ಮನೆಯವರೆದುರು ಒಂದಿಷ್ಟು ಬೀಗಿದ್ದೂ ಆಯಿತು. ಅಷ್ಟರಲ್ಲಿ ಪುರೋಹಿತರು ಪಂಚಾಂಗವನ್ನು ಮತ್ತೊಮ್ಮೆ ತಿರುವಿ ಮುಹೂರ್ತವನ್ನು ನಾಲ್ಕು ದಿನ ಮುಂದಕ್ಕೆ ಹಾಕಿದರು. ತಾರೀಕು ಬದಲಿಸೋಣವೆಂದು ಮೊಬೈಲು ತೆಗೆದರೆ ಕಟ್ಟಬೇಕಾದ ಮೊತ್ತ 5,600! ಟಿಕೆಟ್ಟಿಗಿಂತ ತಿದ್ದುಪಡಿಯೇ ದುಬಾರಿ. ತೆಪ್ಪಗೆ ಕಟ್ಟಿದೆ. ಅಷ್ಟು ಕಟ್ಟಬೇಕಾಗಿರಲಿಲ್ಲ ಎಂದು ಹೊಳೆದದ್ದು ಊಟ ಮುಗಿಸಿ ವಾಪಸು ಬಂದ ಮೇಲೆ.

ವಿಮಾನದ ಟಿಕೆಟ್ಟಿಗೆ ಎರಡು ಬೆಲೆ. ಒಂದು ಕೊಳ್ಳುವ ಬೆಲೆ, ಇನ್ನೊಂದು ಮನಸ್ಸು ಬದಲಿಸುವ ಬೆಲೆ. ನಾವು ಮೊದಲನೆಯದನ್ನು ಹತ್ತು ಆ್ಯಪ್‌ಗಳಲ್ಲಿ ಹೋಲಿಸುತ್ತೇವೆ, ಎರಡನೆಯದರ ಕಡೆ ತಲೆ ಎತ್ತಿಯೂ ನೋಡುವುದಿಲ್ಲ.

1. ಮೊದಲ 24 ಗಂಟೆ ನಿಮ್ಮದು

ಟಿಕೆಟ್ ಕೊಂಡ 24 ಗಂಟೆಯೊಳಗೆ ಅದನ್ನು ಶುಲ್ಕವಿಲ್ಲದೆ ರದ್ದು ಮಾಡಬಹುದು ಅಥವಾ ಬದಲಿಸಬಹುದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2016ರ ಆಗಸ್ಟ್‌ನಲ್ಲಿ ಜಾರಿಗೆ ತಂದ ನಿಯಮ ಇದು. ಬದಲಿಸಿದ ವಿಮಾನದ ದರ ಜಾಸ್ತಿಯಿದ್ದರೆ ವ್ಯತ್ಯಾಸ ಮಾತ್ರ ಕೊಡಬೇಕು. ಕೊಂಡ ದಿನಕ್ಕೂ ಹೊರಡುವ ದಿನಕ್ಕೂ ಏಳು ದಿನವಾದರೂ ಅಂತರವಿರಬೇಕು ಎಂಬ ಷರತ್ತು 2016ರ ನಿಯಮದಲ್ಲಿತ್ತು. 24 ಗಂಟೆಯ ಅವಧಿಯನ್ನು 48 ಗಂಟೆಗೆ ಹೆಚ್ಚಿಸುವ ಕರಡನ್ನು 2025ರ ನವೆಂಬರ್‌ನಲ್ಲಿ ಡಿಜಿಸಿಎ ಹೊರಡಿಸಿತು. ಆದರೂ 24 ಗಂಟೆಯೇ ಎಂದುಕೊಂಡು ನಡೆದವರಿಗೆ ಮೋಸವಿಲ್ಲ.

ಇದನ್ನು ಬಳಸುವ ಬಗೆ ಹೀಗೆ. ಒಳ್ಳೆಯ ದರ ಕಂಡ ಕೂಡಲೇ ಕೊಂಡುಬಿಡಿ. ಆಮೇಲೆ ಆಫೀಸಿನಲ್ಲಿ ರಜೆ ಕೇಳಿ, ಅತ್ತೆಯವರಿಗೆ ಫೋನ್ ಮಾಡಿ, ಪಂಚಾಂಗ ನೋಡಿ. ನಾವು ಮಾಡುವುದು ಇದರ ತಿರುಗುಮುರುಗು. ಎಲ್ಲರನ್ನೂ ಕೇಳಿ ಮುಗಿಸುವಷ್ಟರಲ್ಲಿ ದರ ಏರಿ ಕೂತಿರುತ್ತದೆ.

2. ‘ಫ್ರೀ ಡೇಟ್ ಚೇಂಜ್’ ಪುಕ್ಕಟೆಯಲ್ಲ

ಬದಲಾವಣೆಯ ಬಿಲ್ಲಿನಲ್ಲಿ ಎರಡು ಸಾಲು ಇರುತ್ತವೆ. ಒಂದು ದಂಡ, ಇನ್ನೊಂದು ಟ್ರಾವೆಲ್ ಏಜೆಂಟರ ಬಾಯಲ್ಲಿ ಸದಾ ಇರುವ ‘ಫೇರ್ ಡಿಫರೆನ್ಸ್’, ಅಂದರೆ ಹಳೆಯ ದರಕ್ಕೂ ಹೊಸ ದರಕ್ಕೂ ಇರುವ ವ್ಯತ್ಯಾಸ. ಜಾಹೀರಾತು ಮಾಫಿ ಮಾಡುವುದು ಮೊದಲನೆಯದನ್ನು ಮಾತ್ರ. ಮಂಗಳವಾರದ ಟಿಕೆಟ್ಟನ್ನು ದೀಪಾವಳಿ ಹಿಂದಿನ ದಿನಕ್ಕೆ ಒಯ್ದರೆ ದಂಡ ಸೊನ್ನೆಯಾದರೂ ಜೇಬು ಹಗುರಾಗುತ್ತದೆ. ಹಬ್ಬದಿಂದ ಮಾಮೂಲಿ ದಿನಕ್ಕೆ ಬಂದರೆ ಉಳಿದ ಹಣ ಕೈಗೆ ಬರುತ್ತದೆಯೇ? ಎಷ್ಟೋ ಟಿಕೆಟ್ಟುಗಳಲ್ಲಿ ಇಲ್ಲ. ಕೊಳ್ಳುವ ಮುನ್ನ ಷರತ್ತುಗಳಲ್ಲಿ ಆ ಒಂದು ಸಾಲನ್ನು ಓದಿ.

3. ಬದಲಿಸುವ ಮುನ್ನ ಬಿಸಾಡುವ ಲೆಕ್ಕ ಹಾಕಿ

ನಾನು ಎಡವಿದ್ದು ಇಲ್ಲೇ. ನನ್ನ 4,300 ರೂಪಾಯಿಯಲ್ಲಿ ಮೂಲ ದರ ಮತ್ತು ಇಂಧನ ಸರ್ಚಾರ್ಜ್ ಸೇರಿ 3,300. ತೆರಿಗೆ, ಯೂಸರ್ ಡೆವಲಪ್‌ಮೆಂಟ್ ಫೀ ಇತ್ಯಾದಿ 1,000. ಹೊಸ ತಾರೀಕಿಗೆ ಅದೇ ವಿಮಾನದ ದರ 6,900. ಬದಲಾವಣೆ ಶುಲ್ಕ 3,000, ವ್ಯತ್ಯಾಸ 2,600, ಒಟ್ಟು 5,600 ಕಟ್ಟಿದೆ.

ಅದೇ ದಿನ ಬೇರೊಂದು ವಿಮಾನ 5,900ಕ್ಕೆ ಸಿಗುತ್ತಿತ್ತು. ಹಳೆಯದನ್ನು ರದ್ದು ಮಾಡಿ ಅದನ್ನು ಕೊಂಡಿದ್ದರೆ? ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್ಚಾರ್ಜಿನ ಮೊತ್ತವನ್ನು ಮೀರುವಂತಿಲ್ಲ ಎಂದು ಡಿಜಿಸಿಎ ನಿಯಮ ಹೇಳುತ್ತದೆ. ‘ನಾನ್ ರೀಫಂಡಬಲ್’ ಎಂದು ಬರೆದಿದ್ದರೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳು ವಾಪಸು ಬರಲೇಬೇಕು. ಹಾಗಾಗಿ ಕನಿಷ್ಠ 1,000 ರೂಪಾಯಿ ಬರುತ್ತಿತ್ತು. 5,900ರಲ್ಲಿ 1,000 ಕಳೆದರೆ 4,900. ನಾನು ದಂಡವಾಗಿ ತೆತ್ತದ್ದು 700 ರೂಪಾಯಿ, ಅಂದರೆ ವಿಮಾನ ನಿಲ್ದಾಣದಲ್ಲಿ ಎರಡು ಮಸಾಲೆ ದೋಸೆಯ ಹಣ.

ರೀಫಂಡನ್ನು ‘ಕ್ರೆಡಿಟ್ ಶೆಲ್’ನಲ್ಲಿ ಇಡುತ್ತೇವೆ, ಮುಂದಿನ ಸಲ ಬಳಸಿಕೊಳ್ಳಿ ಎಂದರೆ ಒಪ್ಪಲೇಬೇಕೆಂದಿಲ್ಲ. ಅದು ಪ್ರಯಾಣಿಕರ ಆಯ್ಕೆ. ಕಾರ್ಡಿನಲ್ಲಿ ಕೊಂಡದ್ದಾದರೆ ಏಳು ದಿನದೊಳಗೆ ಕಾರ್ಡಿಗೇ ಹಣ ಮರಳಬೇಕು. ಏಜೆಂಟರ ಮೂಲಕವಾದರೆ ಗಡುವು ಇನ್ನಷ್ಟು ಉದ್ದ. ಆ್ಯಪ್‌ನವರು ಹಿಡಿದ ಕನ್ವೀನಿಯನ್ಸ್ ಫೀಗೆ ಮಾತ್ರ ಎಳ್ಳುನೀರು ಬಿಟ್ಟುಬಿಡಿ. ಬದಲಿಸುವಾಗಲೂ ರದ್ದು ಮಾಡುವಾಗಲೂ ಅವರು ತಮ್ಮ ಪಾಲನ್ನು ಬೇರೆಯಾಗಿ ಕತ್ತರಿಸಿಕೊಳ್ಳುವುದುಂಟು. ತಾರೀಕು ಅಲುಗಾಡುವ ಪ್ರಯಾಣವಾದರೆ ನೇರವಾಗಿ ವಿಮಾನ ಸಂಸ್ಥೆಯಲ್ಲೇ ಕೊಳ್ಳಿ.

4. ಫ್ಲೆಕ್ಸಿ ಟಿಕೆಟ್ಟಿಗೆ ಒಂದು ಭಾಗಾಕಾರ

ಒಂದೇ ವಿಮಾನದ ಒಂದೇ ಸಾಲಿನ ಸೀಟಿಗೆ ಮೂರು ದರಗಳಿವೆ. ಏರ್ ಇಂಡಿಯಾದಲ್ಲಿ ವ್ಯಾಲ್ಯೂ, ಕ್ಲಾಸಿಕ್, ಫ್ಲೆಕ್ಸ್. ಉಳಿದವರಲ್ಲಿ ಬೇರೆ ಬೇರೆ ಹೆಸರು. ಮೇಲಿನ ದರ್ಜೆಯ ಟಿಕೆಟ್ಟಿಗೆ ಹೆಚ್ಚು ಕೊಡಬೇಕೋ ಬೇಡವೋ?

ಹೆಚ್ಚುವರಿ ಹಣವನ್ನು ಬದಲಾವಣೆ ಶುಲ್ಕದಿಂದ ಭಾಗಿಸಿ. ಫ್ಲೆಕ್ಸಿಗೆ 900 ಹೆಚ್ಚು, ಸಾದಾ ಟಿಕೆಟ್ಟಿನ ಶುಲ್ಕ 3,000 ಎಂದಿಟ್ಟುಕೊಳ್ಳಿ. 900 ಭಾಗ 3,000, ಅಂದರೆ ನೂರಕ್ಕೆ ಮೂವತ್ತು. ಇಂಥ ಹತ್ತು ಪ್ರಯಾಣಗಳಲ್ಲಿ ಮೂರಕ್ಕಿಂತ ಹೆಚ್ಚು ಸಲ ತಾರೀಕು ಬದಲಾಗುವುದಾದರೆ ಫ್ಲೆಕ್ಸಿ ಕೊಳ್ಳಿ, ಇಲ್ಲವಾದರೆ ಬೇಡ. ಕೋರ್ಟು ಕೇಸು, ಆಸ್ಪತ್ರೆ, ಇಂಟರ್‌ವ್ಯೂ: ಕೊಳ್ಳಿ. ಮದುವೆ: ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದ್ದರೆ ಬೇಡ, ಹುಡುಗನ ಕಡೆಯವರು ಇನ್ನೂ ‘ನೋಡೋಣ’ ಎನ್ನುತ್ತಿದ್ದರೆ ಕೊಳ್ಳಿ.

ಹೋಗುವುದಕ್ಕೂ ಬರುವುದಕ್ಕೂ ಒಂದೇ ದರ್ಜೆ ಇರಬೇಕಾಗಿಲ್ಲ. ಹೋಗುವ ದಿನ ಖಚಿತ, ಬರುವ ದಿನ ದೈವಚಿತ್ತ ಎಂದಾದರೆ ಬರುವುದಕ್ಕೆ ಮಾತ್ರ ಫ್ಲೆಕ್ಸಿ ಸಾಕು.

5. ಬಾಣಂತನದ ಟಿಕೆಟ್ಟಿನ ಕಥೆಯೇ ಬೇರೆ

ಕನ್ನಡದ ಮನೆಗಳಲ್ಲಿ ಅತಿ ಹೆಚ್ಚು ಸಲ ತಾರೀಕು ಬದಲಾಗುವ ಟಿಕೆಟ್ ಯಾವುದು? ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮನದು ಎಂಬುದು ನನ್ನ ಖಚಿತ ಅಭಿಪ್ರಾಯ. ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ, ಸೀರೆಯೊಳಗೆ ಸುತ್ತಿದ ಒರಳು, ಕೈಚೀಲದಲ್ಲಿ ರಿಟರ್ನ್ ಟಿಕೆಟ್. ಹೊರಡುವಾಗ ‘ಮೂರು ತಿಂಗಳು ಸಾಕು’ ಎನ್ನುತ್ತಾರೆ. ಮಗು ಮುಖ ನೋಡಿ ನಕ್ಕಿತೆಂದರೆ ಮೂರು ಐದಾಗುತ್ತದೆ. ಊರಲ್ಲಿ ಯಜಮಾನರಿಗೆ ಸಕ್ಕರೆ ಏರಿತೆಂದರೆ ಮೂರು ಎರಡಾಗುತ್ತದೆ.

ಇಂಥ ಟಿಕೆಟ್ಟಿಗೆ ಅತಿ ಅಗ್ಗದ ದರ ಹುಡುಕುವುದು ಉಳಿತಾಯವಲ್ಲ. ವಾಪಸಿನ ತಾರೀಕನ್ನು ದಂಡವಿಲ್ಲದೆ ಬದಲಿಸಲು ಬಿಡುವ ದರ್ಜೆಯನ್ನೇ ಹಿಡಿಯಿರಿ. ಎಷ್ಟು ಸಲ ಬದಲಿಸಬಹುದು, ಒಂದೇ ಸಲವೋ ಎಷ್ಟು ಸಲವಾದರೂ ಸರಿಯೋ ಎಂದು ಕೇಳಿ. ಜೂನ್, ಜುಲೈ, ಡಿಸೆಂಬರ್ ತಿಂಗಳುಗಳಲ್ಲಿ ದರ ನೆತ್ತಿಗೇರುತ್ತದೆ. ಬದಲಿಸುವಾಗ ಆ ತಿಂಗಳುಗಳ ಬದಿಗೆ ಸರಿಯಿರಿ; ಹತ್ತು ದಿನದ ಅಂತರದಲ್ಲೇ ಫೇರ್ ಡಿಫರೆನ್ಸ್ ಕರಗಬಹುದು.

ಇನ್ನೊಂದು ಮಾತು. ಟಿಕೆಟ್ ಸಾಮಾನ್ಯವಾಗಿ ಒಂದು ವರ್ಷ ಬಾಳುತ್ತದೆ, ಅಮೆರಿಕದಲ್ಲಿ ಇರಲು ಅನುಮತಿ ಅಷ್ಟು ದಿನ ಇರುವುದಿಲ್ಲ. ಸಂದರ್ಶಕರ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಐ-94 ದಾಖಲೆಯಲ್ಲಿರುವ ತಾರೀಕೇ ಕೊನೆ. ಮೊಮ್ಮಗು ಎಷ್ಟೇ ನಗಲಿ, ಅದನ್ನು ದಾಟುವಂತಿಲ್ಲ.

6. ಅವರೇ ಬದಲಿಸುವವರೆಗೆ ಕಾಯಿರಿ

ಪ್ರಯಾಣ ರದ್ದಾಗುವುದು ಖಾತ್ರಿ, ಹೊರಡಲು ಇನ್ನೂ ತಿಂಗಳಿದೆ ಎಂದಾದರೆ ಕೂಡಲೇ ಕ್ಯಾನ್ಸಲ್ ಒತ್ತಬೇಡಿ. ಶುಲ್ಕ ಏರುವ ಗಡುವು ಯಾವಾಗ ಎಂದು ನೋಡಿಕೊಳ್ಳಿ, ಅಲ್ಲಿಯವರೆಗೆ ಸುಮ್ಮನಿರಿ. ಅಷ್ಟರಲ್ಲಿ ವಿಮಾನ ಸಂಸ್ಥೆಯೇ ವಿಮಾನ ರದ್ದು ಮಾಡಿದರೆ ಬೇರೆ ವಿಮಾನವೋ ಪೂರ್ತಿ ಹಣವೋ ಎಂದು ಕೇಳುವ ಹಕ್ಕು ನಿಮ್ಮದಾಗುತ್ತದೆ. ದೇಶದೊಳಗಿನ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೂ ಹಾಗೆಯೇ. ಅಮೆರಿಕದಲ್ಲಿ 2024ರ ನಿಯಮದಂತೆ ಒಳನಾಡಿನಲ್ಲಿ ಮೂರು ಗಂಟೆ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಆರು ಗಂಟೆ ಏರುಪೇರಾದರೆ, ನೀವು ಹೋಗದಿದ್ದಲ್ಲಿ ಪೂರ್ತಿ ಹಣ ವಾಪಸು.

ಏರುಪೇರಿಗೂ ಋತುಗಳಿವೆ. ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವ ಫೆಬ್ರುವರಿಯಲ್ಲಿ ಯಲಹಂಕದ ಆಕಾಶವನ್ನು ಗಂಟೆಗಟ್ಟಲೆ ಮುಚ್ಚುವುದರಿಂದ ಬೆಂಗಳೂರಿನ ವೇಳಾಪಟ್ಟಿ ಅಲುಗಾಡುತ್ತದೆ. ದೆಹಲಿಯ ಮಂಜಿನ ದಿನಗಳಲ್ಲಿ ದಂಡವಿಲ್ಲದೆ ತಾರೀಕು ಬದಲಿಸಲು ಬಿಡುವುದೂ ಉಂಟು. ‘ನಿಮ್ಮ ವಿಮಾನದ ಸಮಯ ಬದಲಾಗಿದೆ’ ಎಂಬ ಎಸ್ಸೆಮ್ಮೆಸ್ ಬಂದಾಗ ಬೈಯುವ ಮೊದಲು ಅದರಲ್ಲಿರುವ ಲಿಂಕನ್ನು ಒತ್ತಿ ನೋಡಿ. ಬೇಕಾಗಿದ್ದ ಬದಲಾವಣೆ ಅಲ್ಲಿ ಬಿಟ್ಟಿಯಾಗಿ ಸಿಕ್ಕೀತು.

7. ಇಡೀ ಸಂಸಾರವನ್ನು ಒಂದೇ ಪಿಎನ್‌ಆರ್‌ಗೆ ಕಟ್ಟಬೇಡಿ

ಆರು ಜನರ ಟಿಕೆಟ್ಟನ್ನು ಒಟ್ಟಿಗೆ ಕೊಂಡರೆ, ಕಡಿಮೆ ದರದ ಸೀಟು ನಾಲ್ಕೇ ಉಳಿದಿದ್ದಾಗ ಆರಕ್ಕೂ ಮೇಲಿನ ದರ ಬೀಳಬಹುದು. ಆಮೇಲೆ ಒಬ್ಬರ ತಾರೀಕು ಬದಲಿಸಲು ಪಿಎನ್‌ಆರ್ ಒಡೆಸಬೇಕು, ಕಾಲ್ ಸೆಂಟರಿನ ಸಂಗೀತ ಕೇಳಬೇಕು. ತಾರೀಕು ಅನುಮಾನದಲ್ಲಿರುವವರದನ್ನು ಬೇರೆಯಾಗಿಯೇ ಮಾಡಿಸಿ. ಮಕ್ಕಳನ್ನು ಮಾತ್ರ ದೊಡ್ಡವರ ಜೊತೆಗಿಡಿ.

8. ಅಮೆರಿಕದ ಕನ್ನಡಿಗರೇ, ಕೊಂಡ ಮೇಲೂ ದರ ನೋಡುತ್ತಿರಿ

2020ರ ಆಗಸ್ಟ್ ಕೊನೆಯಲ್ಲಿ ಯುನೈಟೆಡ್ ತನ್ನ 200 ಡಾಲರ್ ಬದಲಾವಣೆ ಶುಲ್ಕವನ್ನು ಅಮೆರಿಕದೊಳಗಿನ ಟಿಕೆಟ್ಟುಗಳಿಗೆ ಕೈಬಿಟ್ಟಿತು. ಮರುದಿನವೇ ಡೆಲ್ಟಾ, ಅಮೆರಿಕನ್ ಎರಡೂ ಹಿಂಬಾಲಿಸಿದವು. ಕೋವಿಡ್ ಕೊಟ್ಟ ಒಳ್ಳೆಯದು ಅಂತ ಇದ್ದರೆ ಇದೂ ಒಂದು.

ಅಲ್ಲಿನ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನಕ್ಕೆಂದು ನಾಲ್ಕು ತಿಂಗಳು ಮೊದಲೇ 380 ಡಾಲರ್ ಕೊಟ್ಟಿದ್ದೀರಿ ಎನ್ನಿ. ಜುಲೈನಲ್ಲಿ ಅದೇ ವಿಮಾನ 290ಕ್ಕೆ ಇಳಿದರೆ ‘ಚೇಂಜ್ ಫ್ಲೈಟ್’ ಒತ್ತಿ, ಅದೇ ವಿಮಾನವನ್ನೇ ಮತ್ತೆ ಆರಿಸಿ. 90 ಡಾಲರ್ ಕ್ರೆಡಿಟ್ಟಾಗಿ ಬಂದೀತು. ಬೇಸಿಕ್ ಎಕಾನಮಿಗೆ ಈ ಸವಲತ್ತು ಸಾಮಾನ್ಯವಾಗಿ ಇಲ್ಲ. ಕ್ರೆಡಿಟ್ಟಿಗೆ ಕೊನೆಯ ದಿನಾಂಕವಿರುತ್ತದೆ, ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ.

9. ಬರಲಾಗದಿದ್ದರೆ ಹೇಳಿ ತಪ್ಪಿಸಿ

ಹೇಳದೆ ಕೇಳದೆ ಗೈರಾದರೆ ಅದು ‘ನೋ-ಶೋ’. ಹೋಗುವ ಟಿಕೆಟ್ಟಿನಲ್ಲಿ ಹೀಗಾದರೆ, ಅದೇ ಬುಕಿಂಗಿನ ವಾಪಸು ಟಿಕೆಟ್ಟೂ ಸಾಮಾನ್ಯವಾಗಿ ರದ್ದಾಗುತ್ತದೆ. ಬಸ್ಸಿನಲ್ಲಾದರೂ ಹುಬ್ಬಳ್ಳಿಗೆ ಹೋಗಿ ವಾಪಸಿಗೆ ವಿಮಾನ ಹತ್ತುತ್ತೇನೆ ಎಂದುಕೊಂಡವರು ಕೌಂಟರಿನಲ್ಲಿ ಪೆಚ್ಚಾಗುತ್ತಾರೆ. ನಮ್ಮ ದೇಶದಲ್ಲಿ ನೋ-ಶೋ ಆದರೂ ತೆರಿಗೆ ಮತ್ತು ನಿಲ್ದಾಣದ ಶುಲ್ಕ ವಾಪಸು ಬರಬೇಕು. ತಾನಾಗಿ ಬರದಿದ್ದರೆ ಅರ್ಜಿ ಹಾಕಿ ಕೇಳಿ.

10. ವೆಬ್ ಚೆಕ್-ಇನ್‌ಗೆ ಆತುರ ಬೇಡ

ಕಿಟಕಿ ಸೀಟಿನ ಆಸೆಗೆ ಎರಡು ದಿನ ಮೊದಲೇ ಚೆಕ್-ಇನ್ ಮಾಡಿಬಿಡುತ್ತೇವೆ. ಆಮೇಲೆ ತಾರೀಕು ಬದಲಿಸಬೇಕೆಂದರೆ ಎಷ್ಟೋ ಕಡೆ ಮೊದಲು ಚೆಕ್-ಇನ್ ರದ್ದು ಮಾಡಿಸಬೇಕು. ಆ ಬಟನ್ನು ಆ್ಯಪ್‌ನ ಯಾವ ಮೂಲೆಯಲ್ಲಿದೆ ಎಂದು ಹುಡುಕುವಷ್ಟರಲ್ಲಿ ಬದಲಾವಣೆಯ ಗಡುವೇ ಮುಗಿದಿರುತ್ತದೆ.